ಎಚ್‌ಐವಿ ನಮ್ಮ ಪ್ರೋಟೀನುಗಳನ್ನು ಹಿಡಿಯುವ ಜಾಗ

ಎಚ್‌ಐವಿಯ ಇಡೀ ಆನುವಂಶಿಕ ಬರಹ 10 ಸಾವಿರ ಅಕ್ಷರಗಳನ್ನೂ ಮುಟ್ಟುವುದಿಲ್ಲ. ಮನುಷ್ಯನ ಡಿಎನ್‌ಎ ಬರಹದಲ್ಲಿ 300 ಕೋಟಿ ಅಕ್ಷರಗಳಿವೆ. ವೈರಸ್ಸಿನ ಜೀನುಗಳು 9, ಅವುಗಳಿಂದ ತಯಾರಾಗುವ ಪ್ರೋಟೀನುಗಳು ಸುಮಾರು 15. ನಮ್ಮಲ್ಲಿ ಪ್ರೋಟೀನು ಕಟ್ಟುವ ಜೀನುಗಳೇ 20 ಸಾವಿರದಷ್ಟಿವೆ. ಇಷ್ಟು ಬಡ ಬಂಡವಾಳದ ಒಂದು ಕಣ, ಅಷ್ಟು ಸಿರಿವಂತವಾದ ಜೀವಕೋಶದ ಒಳಹೊಕ್ಕು ಅದನ್ನೇ ತನ್ನ ಕಾರ್ಖಾನೆಯಾಗಿ ಮಾಡಿಕೊಳ್ಳುತ್ತದೆ. ಕೋಶದ ಪೊರೆ ದಾಟಲು, ಒಳಗೆ ಸಂಚರಿಸಲು, ಕೋಶಕೇಂದ್ರ ಹೊಗಲು, ತನ್ನ ನಕಲು ಬರೆಸಲು, ಮರಿ ವೈರಸ್ಸುಗಳನ್ನು ಹೊರಗೆ ಕಳಿಸಲು ಬೇಕಾದ ಸಾಮಗ್ರಿ ಯಾವುದೂ ಅದರ ಬಳಿ ಪೂರ್ತಿಯಾಗಿ ಇಲ್ಲ. ಪ್ರತಿ ಹೆಜ್ಜೆಯಲ್ಲೂ ಅದು ನಮ್ಮದೇ ಒಂದು ಪ್ರೋಟೀನನ್ನು ಹಿಡಿದುಕೊಳ್ಳಬೇಕು. ಮಾವಿನ ಕೊಂಬೆಗೆ ಹತ್ತಿದ ಬಂದಳಿಕೆಯ ಎಲೆಯನ್ನಷ್ಟೇ ತರಿದುಹಾಕಿದರೆ ಅದು ಮತ್ತೆ ಚಿಗುರುತ್ತದೆ. ಅದರ ಬೇರು ಕೊಂಬೆಯೊಳಗೆ ಎಲ್ಲಿ ಇಳಿದಿದೆ ಎಂದು ನೋಡಿ ಕೊಯ್ದವನಿಗೆ ಮಾತ್ರ ಮರ ಉಳಿಯುತ್ತದೆ. ಎಚ್‌ಐವಿಯ ವಿಷಯದಲ್ಲೂ ನೋಡಬೇಕಾದದ್ದು ಆ ಕೂಡುವ ಜಾಗವನ್ನೇ ಎಂಬುದು ಈ ಬರಹದ ವಾದ. ಅದರ ಪ್ರೋಟೀನು ನಮ್ಮ ಪ್ರೋಟೀನಿಗೆ ತಾಗುವ ಕೆಲವೇ ಬಿಂದುಗಳಲ್ಲಿ ಈ ರೋಗದ ಹುಟ್ಟು, ಹರಡುವಿಕೆ, ಮದ್ದು, ಮದ್ದಿಗೆ ಬಗ್ಗದ ಹಟ ಎಲ್ಲವೂ ತೀರ್ಮಾನವಾಗುತ್ತವೆ.

ಬಾಗಿಲಿನಿಂದಲೇ ಶುರುಮಾಡೋಣ. 1983ರಲ್ಲಿ ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮಾಂಟನಿಯೆ ಅವರ ತಂಡ ಈ ವೈರಸ್ಸನ್ನು ಪತ್ತೆಮಾಡಿತು. ಮರುವರ್ಷವೇ ಅದು ಬಿಳಿ ರಕ್ತಕಣಗಳ ಮೇಲಿನ ಸಿಡಿ4 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು ತಿಳಿಯಿತು. ರೋಗನಿರೋಧಕ ಪಡೆಗೆ ಆಜ್ಞೆ ಕೊಡುವ ಕೋಶಗಳೇ ಏಕೆ ಸಾಯುತ್ತವೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಆದರೆ ಸಿಡಿ4 ಒಂದೇ ಸಾಲದು ಎಂಬುದೂ ಬೇಗನೆ ಗೊತ್ತಾಯಿತು. ಇಲಿಯ ಕೋಶಕ್ಕೆ ಮನುಷ್ಯರ ಸಿಡಿ4 ತೊಡಿಸಿದರೂ ವೈರಸ್ಸು ಒಳಗೆ ಹೋಗಲಿಲ್ಲ. ಕಾಣೆಯಾಗಿದ್ದ ಎರಡನೆಯ ಪ್ರೋಟೀನು ಸಿಕ್ಕಿದ್ದು 1996ರಲ್ಲಿ. ಕೆಲವು ತಳಿಗಳಿಗೆ ಸಿಎಕ್ಸ್‌ಸಿಆರ್4, ಬಹುಪಾಲು ತಳಿಗಳಿಗೆ ಸಿಸಿಆರ್5. ಇವೆರಡೂ ವೈರಸ್ಸಿಗಾಗಿ ಹುಟ್ಟಿದವಲ್ಲ. ಉರಿಯೂತವಾದ ಕಡೆಗೆ ಹೋಗು ಎಂದು ದೇಹ ಕಳಿಸುವ ರಾಸಾಯನಿಕ ಸಂದೇಶವನ್ನು ಬಿಳಿ ರಕ್ತಕಣ ಕೇಳಿಸಿಕೊಳ್ಳುವುದು ಇವುಗಳ ಮೂಲಕ. ವೈರಸ್ಸಿನ ಹೊದಿಕೆಯ ಪ್ರೋಟೀನು ಮೊದಲು ಸಿಡಿ4ನ್ನು ಹಿಡಿಯುತ್ತದೆ. ಹಿಡಿದೊಡನೆ ಅದರ ಆಕಾರ ಬದಲಾಗಿ, ಅದುವರೆಗೆ ಮುಚ್ಚಿದ್ದ ಒಂದು ಭಾಗ ತೆರೆದು ಸಿಸಿಆರ್5ಗೆ ತಗುಲುತ್ತದೆ. ಆಮೇಲೆ ಎರಡರ ಪೊರೆಗಳೂ ಬೆರೆತು ದಾರಿಯಾಗುತ್ತದೆ.

ಸಿಸಿಆರ್5 ಪತ್ತೆಯಾದ ವರ್ಷವೇ ಇನ್ನೊಂದು ಸಂಗತಿ ಹೊರಬಿತ್ತು. ಮತ್ತೆ ಮತ್ತೆ ವೈರಸ್ಸಿಗೆ ಒಡ್ಡಿಕೊಂಡರೂ ಸೋಂಕು ತಗುಲದ ಕೆಲವರಲ್ಲಿ ಈ ಜೀನಿನ 32 ಅಕ್ಷರಗಳು ಕಾಣೆಯಾಗಿದ್ದವು. ತಂದೆ ತಾಯಿ ಇಬ್ಬರಿಂದಲೂ ಆ ಮುರಿದ ಜೀನನ್ನು ಪಡೆದವರ ಕೋಶಗಳ ಮೇಲೆ ಸಿಸಿಆರ್5 ಇರುವುದೇ ಇಲ್ಲ. ಉತ್ತರ ಯುರೋಪ್ ಮೂಲದವರಲ್ಲಿ ಇಂಥವರು ಸುಮಾರು ನೂರಕ್ಕೆ ಒಬ್ಬರು. ಭಾರತೀಯರಲ್ಲಿ ತೀರಾ ವಿರಳ. ಬರ್ಲಿನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಟಿಮೊಥಿ ರೇ ಬ್ರೌನ್ ಅವರಿಗೆ ಎಚ್‌ಐವಿಯ ಜೊತೆಗೆ ರಕ್ತದ ಕ್ಯಾನ್ಸರ್ ಬಂದಾಗ, ವೈದ್ಯ ಗೆರೊ ಹ್ಯೂಟರ್ 2007ರಲ್ಲಿ ಇಂಥ ಜೀನಿದ್ದ ದಾನಿಯನ್ನೇ ಹುಡುಕಿ ಆಕರ ಕೋಶಗಳ ಕಸಿ ಮಾಡಿದರು. ಎಚ್‌ಐವಿ ಔಷಧ ನಿಂತಿತು, ವೈರಸ್ಸು ಮರಳಲಿಲ್ಲ. 2020ರಲ್ಲಿ ಬ್ರೌನ್ ತೀರಿಕೊಂಡದ್ದು ಮರುಕಳಿಸಿದ ಕ್ಯಾನ್ಸರಿನಿಂದ, ಎಚ್‌ಐವಿಯಿಂದಲ್ಲ. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವ ಅಂಶ ಒಂದಿದೆ. ಇಲ್ಲಿ ವೈರಸ್ಸಿನ ಒಂದು ಅಕ್ಷರವನ್ನೂ ಯಾರೂ ಮುಟ್ಟಲಿಲ್ಲ. ಬದಲಾದದ್ದು ಅದು ಹಿಡಿಯಬೇಕಿದ್ದ ನಮ್ಮ ಪ್ರೋಟೀನು.

ಇದನ್ನು ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಲಭವಾಯಿತು. ಆದರೆ ಜರ್ಮನಿಯ ಎಸ್ಸೆನ್ ನಗರದ ಇನ್ನೊಬ್ಬ ರೋಗಿಗೆ ಅದೇ ಬಗೆಯ ದಾನಿಯಿಂದ ಕಸಿ ಮಾಡಿದ ಮೇಲೆ ವೈರಸ್ಸು ಮರಳಿ ಬಂತು, ಬಂದದ್ದು ಸಿಎಕ್ಸ್‌ಸಿಆರ್4ನ್ನು ಬಳಸುವ ತಳಿ. ಜಿನೀವಾದ ಮತ್ತೊಬ್ಬ ರೋಗಿಯಲ್ಲಿ ದಾನಿಯ ಸಿಸಿಆರ್5 ಸರಿಯಾಗಿಯೇ ಇದ್ದರೂ, ಔಷಧ ನಿಲ್ಲಿಸಿದ ಬಹುಕಾಲದ ಮೇಲೂ ವೈರಸ್ಸು ಕಾಣಲಿಲ್ಲ. ಮೊದಲನೆಯದು ನನ್ನ ವಾದಕ್ಕೆ ಪೂರಕ: ಒಂದು ಹಿಡಿಕೆ ಹೋದರೆ ವೈರಸ್ಸು ಇನ್ನೊಂದನ್ನು ಹುಡುಕುತ್ತದೆ, ಹಿಡಿಕೆಯೇ ಬೇಡವೆನ್ನುವ ಸ್ಥಿತಿ ಅದಕ್ಕಿಲ್ಲ. ಎರಡನೆಯದು ವಾದಕ್ಕೆ ಮಿತಿ ಹಾಕುತ್ತದೆ. ಕಸಿಯಲ್ಲಿ ದಾನಿಯ ಕೋಶಗಳು ರೋಗಿಯ ಹಳೆಯ ಬಿಳಿ ರಕ್ತಕಣಗಳನ್ನು ಕೊಂದುಹಾಕುವುದೂ ಗುಣವಾಗುವುದಕ್ಕೆ ಕಾರಣವಾಗಿರಬಹುದು. ಹಾಗಾಗಿ ಬರ್ಲಿನ್ನಿನ ಗೆಲುವಿನ ಪೂರ್ತಿ ಶ್ರೇಯಸ್ಸನ್ನು ಸಿಸಿಆರ್5 ಒಂದಕ್ಕೇ ಕೊಡಲಾಗದು.

ಒಳಗೆ ಹೋದ ಮೇಲಿನ ಪಯಣವನ್ನು ವಿಜ್ಞಾನಿಗಳು ಬಹಳ ವರ್ಷ ತಪ್ಪಾಗಿ ಊಹಿಸಿದ್ದರು. ವೈರಸ್ಸಿನ ಆರ್‌ಎನ್‌ಎಯನ್ನು ಕಾಪಾಡುವ ಶಂಕುವಿನಾಕಾರದ ಚಿಪ್ಪು ಕೋಶಕ್ಕೆ ಬಂದೊಡನೆ ಬಿಚ್ಚಿಕೊಳ್ಳುತ್ತದೆ ಎಂದೇ ಪಠ್ಯಗಳಲ್ಲಿತ್ತು. ಸುಮಾರು 1,500 ತುಣುಕುಗಳಿಂದ ಕಟ್ಟಿದ ಈ ಚಿಪ್ಪು ಹೆಚ್ಚುಕಡಿಮೆ ಇಡಿಯಾಗಿಯೇ ಕೋಶಕೇಂದ್ರದ ರಂಧ್ರದವರೆಗೆ ಹೋಗಿ ಒಳಗೂ ನುಗ್ಗುತ್ತದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ತೋರಿಸಿದ್ದು 2021ರ ಹೊತ್ತಿಗೆ. ಅಷ್ಟು ದೊಡ್ಡ ವಸ್ತು ಅಲ್ಲಿ ನುಗ್ಗುವುದು ಹೇಗೆ? ಕೋಶಕೇಂದ್ರದ ರಂಧ್ರದಲ್ಲಿ ಎಳೆಎಳೆಯಾದ ಪ್ರೋಟೀನುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಸರಕು ಒಯ್ಯಲು ಪರವಾನಗಿ ಇರುವ ನಮ್ಮದೇ ಸಾಗಣೆ ಪ್ರೋಟೀನುಗಳು ಮಾತ್ರ ಆ ಎಳೆಗಳಿಗೆ ಅಂಟುತ್ತ ದಾಟಬಲ್ಲವು. ಚಿಪ್ಪಿನ ಮೈಯಲ್ಲಿ ಅಂಥದೇ ಅಂಟುವ ಗುಣವಿದೆ ಎಂದು 2024ರಲ್ಲಿ ಎರಡು ತಂಡಗಳು ತೋರಿಸಿದವು. ದಾರಿಯುದ್ದಕ್ಕೂ ಚಿಪ್ಪು ನಮ್ಮ ಪ್ರೋಟೀನುಗಳ ಸಂಗ ಮಾಡುತ್ತಲೇ ಹೋಗುತ್ತದೆ. ಸೈಕ್ಲೊಫಿಲಿನ್ ಎ ಅದರ ಮೈಗೆ ಅಂಟುತ್ತದೆ ಎಂಬುದು 1993ರಲ್ಲೇ ಗೊತ್ತಾಗಿತ್ತು. ರಂಧ್ರದ ಒಳಬಾಯಿಯಲ್ಲಿ ಸಿಪಿಎಸ್‌ಎಫ್6 ಎಂಬುದು ಚಿಪ್ಪಿನ ಒಂದು ಸಣ್ಣ ಗುಳಿಯಲ್ಲಿ ಕೂತು ಅದನ್ನು ಕೇಂದ್ರದ ಒಳಭಾಗಕ್ಕೆ ಎಳೆದುಕೊಳ್ಳುತ್ತದೆ. ಈ ಗುಳಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಇತ್ತೀಚಿನ ವರ್ಷಗಳ ದೊಡ್ಡ ಔಷಧದ ಕಥೆ ಅಲ್ಲೇ ಇದೆ.

ಅಲ್ಲಿಂದ ಮುಂದೆ ವೈರಸ್ಸು ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ತಿರುಗಿಸಿ ನಮ್ಮ ಡಿಎನ್‌ಎಗೆ ಹೊಲಿದುಬಿಡುತ್ತದೆ. ಎಲ್ಲಿ ಹೊಲಿಯಬೇಕು ಎಂಬುದನ್ನು ತೋರಿಸುವುದೂ ಎಲ್‌ಇಡಿಜಿಎಫ್ ಎಂಬ ನಮ್ಮದೇ ಪ್ರೋಟೀನು. ಚಟುವಟಿಕೆಯಿಂದಿರುವ ಜೀನುಗಳ ಬಳಿ ಇದು ಕೂತಿರುತ್ತದೆ, ಹಾಗಾಗಿ ವೈರಸ್ಸಿಗೂ ಗದ್ದಲದ ನೆರೆಹೊರೆ ಸಿಗುತ್ತದೆ. ಹೊಲಿಗೆಯಾದ ಮೇಲೆ ಅದನ್ನು ಓದಿ ನಕಲು ತೆಗೆಯಬೇಕು. ಕೋಶದ ನಕಲುಯಂತ್ರ ಓದಲು ಶುರುಮಾಡಿ ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ. ಆಗ ವೈರಸ್ಸಿನ ಟ್ಯಾಟ್ ಎಂಬ ಪುಟ್ಟ ಪ್ರೋಟೀನು ನಮ್ಮ ಸೈಕ್ಲಿನ್ ಟಿ1ನ್ನು ಹಿಡಿದು ತಂದು ಯಂತ್ರವನ್ನು ಮುಂದಕ್ಕೆ ತಳ್ಳುತ್ತದೆ. ಈ ಹಿಡಿತ ಎಷ್ಟು ನಾಜೂಕು ಎಂಬುದನ್ನು 1998ರ ಸುಮಾರಿನ ಒಂದು ಶೋಧ ತೋರಿಸಿತು. ಇಲಿಗೂ ಸೈಕ್ಲಿನ್ ಟಿ1 ಇದೆ, ನಮ್ಮದನ್ನು ಬಹಳ ಹೋಲುತ್ತದೆ. ಆದರೆ 261ನೆಯ ಸ್ಥಾನದಲ್ಲಿ ನಮ್ಮಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲವಿದ್ದರೆ ಇಲಿಯಲ್ಲಿ ಟೈರೊಸಿನ್ ಇದೆ. ಆ ಒಂದೇ ವ್ಯತ್ಯಾಸಕ್ಕೆ ಟ್ಯಾಟ್‌ನ ಕೆಲಸ ಇಲಿಯಲ್ಲಿ ಕೈಗೂಡುವುದಿಲ್ಲ. ಎಚ್‌ಐವಿ ಇಲಿಗೆ ಹತ್ತದಿರಲು ಇರುವ ಹಲವು ತಡೆಗಳಲ್ಲಿ ಇದೂ ಒಂದು.

ಇಷ್ಟರವರೆಗೆ ಹೇಳಿದ್ದೆಲ್ಲ ವೈರಸ್ಸಿಗೆ ನೆರವಾಗುವ ಪ್ರೋಟೀನುಗಳ ಮಾತು. ನಮ್ಮ ಕೋಶ ಬರಿಯ ಬಲಿಪಶುವಲ್ಲ, ಅದಕ್ಕೂ ಆಯುಧಗಳಿವೆ. ವಿಫ್ ಎಂಬ ಪ್ರೋಟೀನನ್ನು ಕಳೆದುಕೊಂಡ ಎಚ್‌ಐವಿ ಕೆಲವು ಬಗೆಯ ಕೋಶಗಳಲ್ಲಿ ಹುಲುಸಾಗಿ ಬೆಳೆಯುತ್ತಿತ್ತು, ಇನ್ನು ಕೆಲವು ಕೋಶಗಳಲ್ಲಿ ಬೆಳೆಯುತ್ತಲೇ ಇರಲಿಲ್ಲ. 2002ರಲ್ಲಿ ಆನ್ ಶೀಹಿ, ಮೈಕೆಲ್ ಮ್ಯಾಲಿಮ್ ಮತ್ತು ಸಂಗಡಿಗರು ಇದಕ್ಕೆ ಕಾರಣ ಹುಡುಕಿದರು. ಎರಡನೆಯ ಬಗೆಯ ಕೋಶಗಳಲ್ಲಿ ಈಗ ಅಪೊಬೆಕ್3ಜಿ ಎಂದು ಕರೆಯುವ ಪ್ರೋಟೀನು ಇತ್ತು. ಇದು ಹೊಸ ವೈರಸ್ ಕಣದೊಳಗೆ ಸೇರಿಕೊಂಡು, ಆ ಕಣ ಮುಂದಿನ ಕೋಶದಲ್ಲಿ ಡಿಎನ್‌ಎ ಬರೆಯುವಾಗ ಅಕ್ಷರಗಳನ್ನು ಸಾಲುಸಾಲಾಗಿ ತಿದ್ದಿ ಬರಹವನ್ನೇ ಕೆಡಿಸುತ್ತದೆ. ವಿಫ್ ಇದ್ದಾಗ ಹೀಗಾಗುವುದಿಲ್ಲ. ಹಾಗೆಂದು ವಿಫ್ ಸ್ವತಃ ಅಪೊಬೆಕ್3ಜಿಯನ್ನು ನಾಶಮಾಡುವುದೂ ಇಲ್ಲ, ಆ ಶಕ್ತಿ ಅದಕ್ಕಿಲ್ಲ. ಹಳಸಿದ ಪ್ರೋಟೀನುಗಳಿಗೆ ಗುರುತು ಹಚ್ಚಿ ವಿಲೇವಾರಿಗೆ ಕಳಿಸುವ ವ್ಯವಸ್ಥೆ ನಮ್ಮ ಕೋಶದಲ್ಲೇ ಇದೆ. ವಿಫ್ ಒಂದು ಕೈಯಲ್ಲಿ ಅಪೊಬೆಕ್3ಜಿಯನ್ನೂ ಇನ್ನೊಂದು ಕೈಯಲ್ಲಿ ಆ ಗುರುತು ಹಚ್ಚುವ ಯಂತ್ರವನ್ನೂ ಹಿಡಿದು ಒಟ್ಟಿಗೆ ತರುತ್ತದೆ, ಅಷ್ಟೇ. ನಮ್ಮ ಯಂತ್ರವೇ ನಮ್ಮ ಕಾವಲುಗಾರನನ್ನು ಹಾಳುಮಾಡುತ್ತದೆ. ವೈರಸ್ಸಿನ ಬಲವೆಲ್ಲ ಹೊಂದಿಸಿಕೊಡುವ ಚಾತುರ್ಯದಲ್ಲಿದೆ ಎನ್ನಲು ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಗೊತ್ತಿಲ್ಲ.

ಈ ಜಗಳ ಎಚ್‌ಐವಿಗಿಂತ ಬಹಳ ಹಳೆಯದು. ರೀಸಸ್ ಕೋತಿಗೆ ಎಚ್‌ಐವಿ ಏಕೆ ಹತ್ತುವುದಿಲ್ಲ ಎಂಬುದಕ್ಕೆ ಜೋಸೆಫ್ ಸೊಡ್ರೊಸ್ಕಿ ಅವರ ತಂಡ 2004ರಲ್ಲಿ ಟ್ರಿಮ್5-ಆಲ್ಫಾ ಎಂಬ ಪ್ರೋಟೀನನ್ನು ತೋರಿಸಿತು. ಕೋತಿಯಲ್ಲಿ ಅದು ಒಳಬಂದ ಚಿಪ್ಪನ್ನು ಗುರುತಿಸಿ ಮುಗಿಸಿಬಿಡುತ್ತದೆ. ಮನುಷ್ಯರಲ್ಲಿರುವ ಅದರ ರೂಪ ಎಚ್‌ಐವಿಯ ಚಿಪ್ಪನ್ನು ಅಷ್ಟು ಬಲವಾಗಿ ಹಿಡಿಯಲಾರದು. ಹಿಡಿತದಲ್ಲಿ ಇಷ್ಟು ಸಡಿಲ ಸಿಕ್ಕಿದ್ದೇ ವೈರಸ್ಸಿಗೆ ಸಾಕಾಯಿತು.

ಇದೇ ಬಗೆಯ ಇನ್ನೊಂದು ಪ್ರೋಟೀನು ಇಡೀ ಜಗತ್ತಿನ ಮಹಾಮಾರಿಯ ಚರಿತ್ರೆಯನ್ನೇ ವಿವರಿಸುತ್ತದೆ. 2008ರಲ್ಲಿ ಪಾಲ್ ಬಿಯೆನಿಯಾಜ್ ಅವರ ಪ್ರಯೋಗಾಲಯದಲ್ಲಿ ಗುರುತಿಸಿದ ಅದರ ಹೆಸರು ಟೆದರಿನ್. ಕೋಶದಿಂದ ಹೊರಟ ಮರಿ ವೈರಸ್ಸನ್ನು ಇದು ಕೋಶದ ಪೊರೆಗೇ ಕಟ್ಟಿಹಾಕಿ ಬೇರೆಡೆಗೆ ಹೋಗಗೊಡುವುದಿಲ್ಲ. ಎಚ್‌ಐವಿಯ ಪೂರ್ವಜ ಚಿಂಪಾಂಜಿಗಳಲ್ಲಿತ್ತು. ಲೋಕಕ್ಕೆಲ್ಲ ಹರಡಿದ ಎಂ ಗುಂಪಿನ ವೈರಸ್ಸಿನ ಮೂಲ ಆಗ್ನೇಯ ಕ್ಯಾಮರೂನಿನ ಚಿಂಪಾಂಜಿಗಳು ಎಂಬುದು ಅವುಗಳ ಮಲದಲ್ಲಿ ಸಿಕ್ಕ ವೈರಸ್ಸಿನ ಪರೀಕ್ಷೆಯಿಂದ 2006ರಲ್ಲಿ ತಿಳಿದಿತ್ತು. ಚಿಂಪಾಂಜಿಯ ವೈರಸ್ಸು ಅಲ್ಲಿನ ಟೆದರಿನ್ನನ್ನು ಸೋಲಿಸುತ್ತಿದ್ದದ್ದು ನೆಫ್ ಎಂಬ ಪ್ರೋಟೀನಿನಿಂದ. ನೆಫ್ ಹಿಡಿಯುತ್ತಿದ್ದ 5 ಅಮೈನೊ ಆಮ್ಲಗಳ ತುಣುಕು ಮನುಷ್ಯರ ಟೆದರಿನ್ನಿನಲ್ಲಿ ಇಲ್ಲವೇ ಇಲ್ಲ, ನಮ್ಮ ವಂಶದ ಯಾವುದೋ ಹಂತದಲ್ಲಿ ಕಳೆದುಹೋಗಿದೆ. ಮನುಷ್ಯರಿಗೆ ದಾಟಿದ ವೈರಸ್ಸಿನ ಕೈಯಲ್ಲಿ ನೆಫ್ ಇತ್ತು, ಹಿಡಿಯಲು ಹಿಡಿಕೆ ಇರಲಿಲ್ಲ. ಎಚ್‌ಐವಿ-1 ಮನುಷ್ಯರಿಗೆ ಬಂದದ್ದು ಒಂದು ಸಲವಲ್ಲ, ಬೇರೆಬೇರೆಯಾಗಿ 4 ಸಲ: ಎಂ, ಎನ್, ಒ, ಪಿ ಗುಂಪುಗಳು ಆ ನಾಲ್ಕು ದಾಟುವಿಕೆಗಳ ಸಂತಾನ. ಎಂ ಗುಂಪು ಮಾತ್ರ ವಿಪಿಯು ಎಂಬ ತನ್ನ ಬೇರೊಂದು ಪ್ರೋಟೀನನ್ನು ಚೆನ್ನಾಗಿ ಪಳಗಿಸಿಕೊಂಡು, ಅದರ ಹಳೆಯ ಕೆಲಸವನ್ನೂ ಕೆಡಿಸದೆ, ಮನುಷ್ಯರ ಟೆದರಿನ್ನನ್ನು ಕೆಳಗಿಳಿಸುವುದನ್ನು ಕಲಿಯಿತು. ಎನ್ ಗುಂಪಿನ ವಿಪಿಯು ಅರೆಬರೆ ಕಲಿತು ಹಳೆಯ ಕೆಲಸ ಕಳೆದುಕೊಂಡಿತು, ಪಿ ಗುಂಪಿಗೆ ದಾರಿ ಸಿಗಲಿಲ್ಲ. ಎನ್ ಮತ್ತು ಪಿ ಗುಂಪುಗಳ ಸೋಂಕು ಪತ್ತೆಯಾಗಿರುವುದು ಬೆರಳೆಣಿಕೆಯಷ್ಟು ಜನರಲ್ಲಿ. ಒ ಗುಂಪು ಬಹುಮಟ್ಟಿಗೆ ಕ್ಯಾಮರೂನ್ ಮತ್ತು ಅದರ ನೆರೆಯ ದೇಶಗಳಲ್ಲೇ ಉಳಿಯಿತು. ಇಂದು ಎಚ್‌ಐವಿಯೊಂದಿಗೆ ಬದುಕುತ್ತಿರುವ ಸುಮಾರು 4 ಕೋಟಿ ಜನರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುವುದು ಎಂ ಗುಂಪು. ಹರಡುವುದಕ್ಕೆ ನಗರಗಳು, ರೈಲುಹಳಿ, ವಸಾಹತು ಆಡಳಿತ, ಸ್ವಚ್ಛಗೊಳಿಸದ ಸೂಜಿ ಎಲ್ಲವೂ ಕಾರಣ ಎಂದು ಇತಿಹಾಸಕಾರರು ಹೇಳುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸೀಮೆಯ ನಾಲ್ಕು ವೈರಸ್ಸುಗಳಲ್ಲಿ ಒಂದಕ್ಕೆ ಮಾತ್ರ ಆ ಅವಕಾಶವೆಲ್ಲ ದಕ್ಕಿತು ಎಂಬುದಕ್ಕೆ ಸಮಾಜದ ಚರಿತ್ರೆಯೊಂದೇ ಉತ್ತರ ಕೊಡಲಾರದು.

ಈ ಇಡೀ ವಿಚಾರಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಎತ್ತಿದವರು ವಿಜ್ಞಾನಿಗಳೇ. 2008ರಲ್ಲಿ ಮೂರು ತಂಡಗಳು ಮನುಷ್ಯರ ಜೀನುಗಳನ್ನು ಒಂದೊಂದಾಗಿ ಮೌನಗೊಳಿಸುತ್ತ, ಯಾವುದಿಲ್ಲದಿದ್ದರೆ ಎಚ್‌ಐವಿ ಸೊರಗುತ್ತದೆ ಎಂದು ಹುಡುಕಿದವು. ಒಂದೊಂದು ತಂಡವೂ 200ರಿಂದ 300 ಹೆಸರುಗಳ ಪಟ್ಟಿ ಕೊಟ್ಟಿತು. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೂರರಲ್ಲೂ ಇದ್ದ ಜೀನುಗಳು ಮೂರೇ: ಮೆಡ್6, ಮೆಡ್7 ಮತ್ತು ರೆಲ್‌ಎ. ಮೂರು ಪ್ರಯೋಗ ಮೂರು ಉತ್ತರ ಕೊಟ್ಟರೆ ಯಾವುದನ್ನು ನಂಬುವುದು? 2017ರಲ್ಲಿ ಕ್ರಿಸ್ಪರ್ ಕತ್ತರಿ ಬಳಸಿ ಜೀನುಗಳನ್ನು ಪೂರ್ತಿಯಾಗಿ ಕತ್ತರಿಸಿ ನೋಡಿದಾಗ ಒಂದು ತಂಡಕ್ಕೆ ಸಿಕ್ಕದ್ದು 5 ಜೀನುಗಳು ಮಾತ್ರ. ಸಂಶಯ ಪಡುವವರಿಗೆ ಇದು ಇನ್ನಷ್ಟು ಬಲ ಕೊಟ್ಟಿತು. ಆದರೆ ಆ ಐದನ್ನು ಸ್ವಲ್ಪ ನಿಂತು ನೋಡಬೇಕು. ಮೊದಲ ಎರಡು ಸಿಡಿ4 ಮತ್ತು ಸಿಸಿಆರ್5. ಇನ್ನೆರಡು ಸಿಸಿಆರ್5ರ ಮೇಲೆ ಗಂಧಕದ ಗುಂಪನ್ನು ಕೂರಿಸುವ ಜೀನುಗಳು, ಅದಿಲ್ಲದೆ ವೈರಸ್ಸಿನ ಹೊದಿಕೆ ಸಿಸಿಆರ್5ನ್ನು ಸರಿಯಾಗಿ ಹಿಡಿಯದು. ಐದನೆಯದು ಕೋಶಗಳನ್ನು ಒಂದಕ್ಕೊಂದು ಅಂಟಿಸಿ, ವೈರಸ್ಸು ನೇರ ಪಕ್ಕದ ಕೋಶಕ್ಕೆ ದಾಟುವಂತೆ ಮಾಡುವಂಥದ್ದು. ಅಂದರೆ ಐದೂ ಕೋಶಕ್ಕೆ ಅಂಟುವ, ಬಾಗಿಲು ದಾಟುವ ಕೆಲಸಕ್ಕೇ ಸೇರಿದವು. ಕತ್ತರಿಸಿದರೂ ಕೋಶ ಬದುಕುವ ಜೀನುಗಳನ್ನಷ್ಟೇ ಆ ವಿಧಾನ ಹಿಡಿದು ತೋರಿಸಬಲ್ಲದು. ಕೋಶಕ್ಕೇ ಅನಿವಾರ್ಯವಾದದ್ದನ್ನು ಕತ್ತರಿಸಿದರೆ ಕೋಶವೇ ಸಾಯುತ್ತದೆ, ಅದು ಪಟ್ಟಿಗೆ ಬರುವುದೇ ಇಲ್ಲ. ಹಳೆಯ ವಿಧಾನ ಜೀನನ್ನು ಅರ್ಧ ಮಾತ್ರ ಅಡಗಿಸುತ್ತಿತ್ತು, ಹಾಗಾಗಿ ಸುಳ್ಳು ಹೆಸರುಗಳೂ ಸೇರಿಕೊಂಡವು. ಕೋಶದ ಬಗೆ, ಪರೀಕ್ಷಿಸಿದ ಗಳಿಗೆ, ವೈರಸ್ಸಿನ ತಳಿ ಬದಲಾದಂತೆ ಫಲವೂ ಬದಲಾಗುತ್ತದೆ. ಹಾಗಾಗಿ ಯಾವ ಪಟ್ಟಿಯನ್ನೂ ನಾನು ಸತ್ಯದ ಕೊನೆಯ ಮಾತು ಎಂದು ತೆಗೆದುಕೊಳ್ಳುವುದಿಲ್ಲ, ಅವು ಎಲ್ಲಿ ಅಗೆಯಬೇಕೆಂದು ಹೇಳುವ ಸೂಚನೆಗಳು. 2012ರಲ್ಲಿ ಕ್ಯಾಲಿಫೋರ್ನಿಯಾದ ನೆವನ್ ಕ್ರೋಗನ್ ಅವರ ತಂಡ ವೈರಸ್ಸಿನ ಒಂದೊಂದು ಪ್ರೋಟೀನನ್ನೂ ಮನುಷ್ಯರ ಕೋಶದಲ್ಲಿ ಇಳಿಸಿ ಅದಕ್ಕೆ ಅಂಟಿ ಬಂದದ್ದನ್ನೆಲ್ಲ ಎಣಿಸಿ 497 ಸಂಬಂಧಗಳ ನಕ್ಷೆ ಕೊಟ್ಟಿತು. ಅದರಲ್ಲಿ ಎಷ್ಟು ಉಳಿಯುತ್ತವೋ ಕಾಲವೇ ಹೇಳಬೇಕು. ಆದರೆ ವಿಫ್ ನಿಲ್ಲಬೇಕಾದರೆ ಸಿಬಿಎಫ್-ಬೀಟಾ ಎಂಬ ನಮ್ಮ ಪ್ರೋಟೀನಿನ ಆಸರೆ ಬೇಕು ಎಂಬ ಸಂಗತಿ ಹೊರಬಂದದ್ದು ಅದೇ ಕೆಲಸದಿಂದ. ಹತ್ತು ವರ್ಷಗಳಿಂದ ವಿಫ್ ಮೇಲೆ ಕೆಲಸ ಮಾಡುತ್ತಿದ್ದವರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಎರಡನೆಯ ಆಕ್ಷೇಪ ವೈದ್ಯರದು, ಸರಳವಾದದ್ದು. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಗಳು ವೈರಸ್ಸಿನದೇ ಕಿಣ್ವಗಳನ್ನು ತಡೆದು ಅದ್ಭುತವಾಗಿ ಕೆಲಸ ಮಾಡುತ್ತಿವೆ. ತಪ್ಪದೆ ತೆಗೆದುಕೊಂಡವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ, ಅಂಥವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಇನ್ನೊಬ್ಬರಿಗೆ ಹರಡುವುದೂ ಇಲ್ಲ. 2004ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಮೊದಲ ಸಾಲಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ಮೇಲೆ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಹೀಗಿರುವಾಗ ನಮ್ಮ ಪ್ರೋಟೀನುಗಳ ಜಟಿಲ ಲೆಕ್ಕ ಏಕೆ? ಏಕೆಂದರೆ ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬಹುತೇಕ ಎಲ್ಲರಲ್ಲೂ ವೈರಸ್ಸು ಮರಳುತ್ತದೆ. ನಿದ್ರಿಸುತ್ತಿರುವ ಕೆಲವು ಬಿಳಿ ರಕ್ತಕಣಗಳ ಡಿಎನ್‌ಎಯಲ್ಲಿ ಹೊಲಿದುಕೊಂಡ ವೈರಸ್ಸು ಸದ್ದಿಲ್ಲದೆ ಕೂತಿರುತ್ತದೆ. ಕಿಣ್ವ ತಡೆಯುವ ಮಾತ್ರೆಗೆ ಅಲ್ಲಿ ತಡೆಯಲು ಏನೂ ಇಲ್ಲ, ಕಿಣ್ವವೇ ತಯಾರಾಗುತ್ತಿಲ್ಲ. ಆ ಮೌನಕ್ಕೆ ಮುಖ್ಯ ಕಾರಣವೇ ನಮ್ಮ ಪ್ರೋಟೀನುಗಳ ಸ್ಥಿತಿ. ವಿಶ್ರಾಂತ ಕೋಶದಲ್ಲಿ ಟ್ಯಾಟ್‌ಗೆ ಬೇಕಾದ ಸೈಕ್ಲಿನ್ ಟಿ1 ವಿರಳ, ಇದ್ದದ್ದೂ ಬೇರೆ ಪ್ರೋಟೀನುಗಳ ಬಂಧನದಲ್ಲಿರುತ್ತದೆ. ಜೀನುಗಳನ್ನು ಎಚ್ಚರಿಸುವ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರದ ಹೊರಗೇ ಕಟ್ಟುಬಿದ್ದಿರುತ್ತದೆ. ಇಂಥ ಅಡಗಿದ ಕೋಶಗಳು ಕರಗುವ ವೇಗವನ್ನು ಅಳೆದವರು, ಮಾತ್ರೆಯೊಂದನ್ನೇ ನಂಬಿದರೆ ಅವು ಬರಿದಾಗಲು 70 ವರ್ಷವಾದರೂ ಬೇಕೆಂದು ಅಂದಾಜಿಸಿದರು. ವೋರಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧದಿಂದ ಈ ಕೋಶಗಳನ್ನು ಎಬ್ಬಿಸುವ ಪ್ರಯತ್ನ 2012ರಲ್ಲಿ ವರದಿಯಾಯಿತು. ವೈರಸ್ಸಿನ ಆರ್‌ಎನ್‌ಎ ಎದ್ದದ್ದು ಕಂಡಿತು, ಆದರೆ ಅಡಗುತಾಣ ಕುಗ್ಗಲಿಲ್ಲ. ಎಬ್ಬಿಸುವುದೋ ಶಾಶ್ವತವಾಗಿ ಮಲಗಿಸುವುದೋ ಎಂಬ ಚರ್ಚೆ ಇನ್ನೂ ನಡೆದಿದೆ. ಎರಡಕ್ಕೂ ದಾರಿ ಮಾತ್ರ ನಮ್ಮ ಪ್ರೋಟೀನುಗಳ ಮೂಲಕವೇ ಹೋಗಬೇಕು.

ಮೂರನೆಯ ಆಕ್ಷೇಪವನ್ನು ನಾನು ಅತಿ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಮ್ಮ ಪ್ರೋಟೀನು ನಮ್ಮ ಕೆಲಸಕ್ಕಾಗಿ ಇರುವಂಥದ್ದು, ವೈರಸ್ಸಿನ ಮೇಲಿನ ಸಿಟ್ಟಿಗೆ ಅದನ್ನು ಕೆಡಿಸಿದರೆ ಹಾನಿ ನಮಗೇ. ಸಿಸಿಆರ್5 ಇಲ್ಲದೆ ಮನುಷ್ಯರು ಆರೋಗ್ಯವಾಗಿ ಬದುಕುತ್ತಾರೆ ಎಂಬುದು ನಿಜ. 2007ರಲ್ಲಿ ಒಪ್ಪಿಗೆ ಪಡೆದ ಮರಾವಿರಾಕ್ ಎಂಬ ಮಾತ್ರೆ ಸಿಸಿಆರ್5ನ್ನೇ ಮುಚ್ಚುತ್ತದೆ, ತಕ್ಕ ರೋಗಿಗಳಿಗೆ ಉಪಯೋಗಕ್ಕೂ ಬಂದಿದೆ. ಆದರೆ ಅದನ್ನು ಕೊಡುವ ಮುನ್ನ ರೋಗಿಯ ವೈರಸ್ಸು ಯಾವ ಬಾಗಿಲು ಬಳಸುತ್ತದೆಂದು ದುಬಾರಿ ಪರೀಕ್ಷೆ ಮಾಡಬೇಕು. ಅದೇ ಜಾತಿಯ ಇನ್ನೊಂದು ಔಷಧವನ್ನು ಯಕೃತ್ತಿಗೆ ಪೆಟ್ಟು ಬಿತ್ತೆಂದು 2005ರಲ್ಲಿ ನಡುವಿನಲ್ಲೇ ಕೈಬಿಡಬೇಕಾಯಿತು. ಸಿಸಿಆರ್5 ಇಲ್ಲದವರಲ್ಲಿ ವೆಸ್ಟ್ ನೈಲ್ ವೈರಸ್ಸಿನ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು ಎಂದು 2006ರಲ್ಲಿ ಕಂಡುಬಂತು. 2018ರಲ್ಲಿ ಚೀನಾದ ಹ ಜಿಯಾಂಕುಯಿ ಭ್ರೂಣಗಳಲ್ಲೇ ಆ ಜೀನನ್ನು ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದಾಗಿ ಪ್ರಕಟಿಸಿದಾಗ ಲೋಕವೇ ಖಂಡಿಸಿತು, ಅಲ್ಲಿನ ನ್ಯಾಯಾಲಯ ಜೈಲುಶಿಕ್ಷೆ ವಿಧಿಸಿತು. ಆ ಖಂಡನೆ ಪೂರ್ತಿ ನ್ಯಾಯವಾದದ್ದು. ಹುಟ್ಟದ ಕೂಸಿನ ಜೀನನ್ನು ಬದಲಿಸಿ ಸೋಂಕು ತಡೆಯುವ ಅಗತ್ಯ ಅಲ್ಲಿರಲೇ ಇಲ್ಲ, ತಂದೆಗೆ ಎಚ್‌ಐವಿ ಇದ್ದರೂ ಮಗುವಿಗೆ ಬಾರದಂತೆ ಮಾಡಲು ಸುರಕ್ಷಿತ ಮಾರ್ಗಗಳು ಆಗಲೇ ಇದ್ದವು.

ಹಾಗಾದರೆ ಕೂಡುವ ಜಾಗವನ್ನು ಕತ್ತರಿಸುವುದು ಹೇಗೆ? ನಮ್ಮ ಕಡೆಯಿಂದ ಕತ್ತರಿಸಬೇಕಾಗಿಲ್ಲ. ಚಿಪ್ಪಿನ ಗುಳಿಯನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಲೆನಕಾಪವಿರ್ ಎಂಬ ಔಷಧ ವೈರಸ್ಸಿನ ಚಿಪ್ಪಿನಲ್ಲಿ, ನಮ್ಮ ಸಿಪಿಎಸ್‌ಎಫ್6 ಬಂದು ಕೂರುವ ಆ ಗುಳಿಯಲ್ಲೇ ಹೋಗಿ ಕೂರುತ್ತದೆ. ನಮ್ಮ ಪ್ರೋಟೀನು ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡಿರುತ್ತದೆ, ವೈರಸ್ಸಿಗೆ ಮಾತ್ರ ಅದು ದಕ್ಕುವುದಿಲ್ಲ. ಜೊತೆಗೆ ಚಿಪ್ಪಿನ ಬಿಗಿಯೂ ಕೆಡುತ್ತದೆ. 6 ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚಿದರೆ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾಗಳಲ್ಲಿ ಹದಿಹರೆಯದ ಹುಡುಗಿಯರು ಮತ್ತು ಯುವತಿಯರ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಚುಚ್ಚುಮದ್ದು ಪಡೆದ 2,134 ಜನರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂದು 2024ರಲ್ಲಿ ವರದಿಯಾಯಿತು. 2025ರ ಜೂನ್‌ನಲ್ಲಿ ಅಮೆರಿಕ ಇದನ್ನು ಸೋಂಕು ತಡೆಯುವ ಮದ್ದಾಗಿ ಒಪ್ಪಿತು. ವೈರಸ್ಸು ಇದಕ್ಕೂ ತಿರುಗಿಬೀಳುವುದಿಲ್ಲವೇ? ಬೀಳುತ್ತದೆ, ಚಿಕಿತ್ಸೆಯಲ್ಲಿದ್ದ ಕೆಲವು ರೋಗಿಗಳಲ್ಲಿ ಆ ಗುಳಿಯ ಆಕಾರ ಬದಲಿಸಿಕೊಂಡ ವೈರಸ್ಸು ಆಗಲೇ ಕಂಡಿದೆ. ಆದರೆ ಆ ಬದಲಾವಣೆಗಳಲ್ಲಿ ಹಲವು ವೈರಸ್ಸಿಗೇ ದುಬಾರಿಯಾದವು, ಪ್ರಯೋಗಾಲಯದಲ್ಲಿ ಅಂಥವು ಸೊರಗುತ್ತವೆ. ಔಷಧ ತಪ್ಪಿಸಿಕೊಳ್ಳಲು ಗುಳಿಯನ್ನು ಕೆಡಿಸಿದರೆ ನಮ್ಮ ಪ್ರೋಟೀನನ್ನು ಹಿಡಿಯುವುದೂ, ಚಿಪ್ಪನ್ನು ಸರಿಯಾಗಿ ಕಟ್ಟುವುದೂ ಕಷ್ಟವಾಗುತ್ತದೆ. ವೈರಸ್ಸು ಬೇಕೆಂದ ಹಾಗೆ ಬದಲಾಗಲಾರದ ಜಾಗಗಳು ಎಲ್ಲಿವೆ ಎಂದು ಹುಡುಕುವವರಿಗೆ ಈ ಕೂಡುವ ಬಿಂದುಗಳೇ ಮೊದಲ ಗುರಿಯಾಗಬೇಕು ಎನ್ನುವುದು ಈ ಕಾರಣಕ್ಕೆ.

ಇಲ್ಲಿ ನಮ್ಮ ನೆಲಕ್ಕೆ ಸೇರಿದ ಒಂದು ಮಾತು ಬಾಕಿ ಇದೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಕೆಲಸದಿಂದ. ಇಲ್ಲಿ ಹರಡಿರುವುದು ಬಹುಪಾಲು ಸಿ ಉಪತಳಿ, ಜಗತ್ತಿನ ಸೋಂಕಿನಲ್ಲೂ ಸುಮಾರು ಅರ್ಧ ಅದರದೇ. ಆದರೆ ಮೇಲೆ ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಅಮೆರಿಕ ಮತ್ತು ಯುರೋಪಿನಲ್ಲಿ ಸಾಮಾನ್ಯವಾದ ಬಿ ಉಪತಳಿಯ ಮೇಲೆ. ಎರಡೂ ಒಂದೇ ಎಂದುಕೊಳ್ಳುವಂತಿಲ್ಲ. ವೈರಸ್ಸಿನ ಡಿಎನ್‌ಎಯ ತುದಿಯಲ್ಲಿ ನಮ್ಮ ಎನ್‌ಎಫ್-ಕಪ್ಪಾಬಿ ಬಂದು ಕೂರುವ ತಾಣಗಳು ಬಿ ಉಪತಳಿಯಲ್ಲಿ ಸಾಮಾನ್ಯವಾಗಿ 2, ಸಿ ಉಪತಳಿಯಲ್ಲಿ 3. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯ್‌ಕುಮಾರ್ ರಂಗ ಮತ್ತು ಸಂಗಡಿಗರು ಭಾರತದ ರೋಗಿಗಳಲ್ಲಿ 4 ತಾಣಗಳಿರುವ ತಳಿಗಳನ್ನೂ ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಅಂಥವು ತಮ್ಮ ಜೀನುಗಳನ್ನು ಹೆಚ್ಚು ಬಿರುಸಾಗಿ ಓದಿಸಿಕೊಳ್ಳುತ್ತವೆ. 2008ರ ಮೂರು ಪಟ್ಟಿಗಳಲ್ಲೂ ಉಳಿದ ಮೂರು ಹೆಸರುಗಳಲ್ಲಿ ರೆಲ್‌ಎ ಒಂದು ಎಂದೆನಲ್ಲ, ಅದು ಎನ್‌ಎಫ್-ಕಪ್ಪಾಬಿಯದೇ ಭಾಗ. ಆ ಮೂರೂ ಪ್ರಯೋಗಗಳು ಒಪ್ಪಿದ ಅದೇ ಪ್ರೋಟೀನಿಗೆ ನಮ್ಮ ನಾಡಿನ ವೈರಸ್ಸು ಹೆಚ್ಚುವರಿ ಹಿಡಿಕೆ ಕಟ್ಟಿಕೊಂಡಿದೆ. ನಿದ್ರಿಸುತ್ತಿರುವ ವೈರಸ್ಸನ್ನು ಎಬ್ಬಿಸುವ ಅಥವಾ ಮಲಗಿಸಿಡುವ ಔಷಧವೊಂದು ಮುಂದೆ ಬಂದರೆ, 2 ತಾಣಗಳ ವೈರಸ್ಸಿಗೆ ಹಿಡಿದ ಅಳತೆ 4 ತಾಣಗಳದಕ್ಕೆ ಹೊಂದುತ್ತದೆಂದು ಮೊದಲೇ ನಂಬಿ ಕೂರುವಂತಿಲ್ಲ. ಬಳ್ಳಾರಿ, ಬೆಳಗಾವಿ, ಬಾಗಲಕೋಟೆಯ ಎಆರ್‌ಟಿ ಕೇಂದ್ರಗಳ ಮುಂದೆ ಮಾತ್ರೆಗೆ ಸಾಲು ನಿಲ್ಲುವವರ ರಕ್ತದಲ್ಲಿರುವ ತಳಿಯ ಮೇಲೆಯೇ ಆ ಪರೀಕ್ಷೆಗಳು ನಡೆಯಬೇಕು. ಅದಕ್ಕೆ ಬೇಕಾದ ಪ್ರಯೋಗಾಲಯವೂ ತಿಳಿದವರೂ ಬೆಂಗಳೂರಿನಲ್ಲೇ ಇದ್ದಾರೆ.